ಶೇ 0.2: ಮೈನೋವನ್ನು ಕೇಳದೆ ಹುಟ್ಟಿದ ಸಂಖ್ಯೆ

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಎರಡನೇ ಸುತ್ತನ್ನು ನಿಮ್ಹಾನ್ಸ್ ಕೈಗೆತ್ತಿಕೊಂಡಿದೆ. 2015–16ರ ಮೊದಲ ಸುತ್ತು 12 ರಾಜ್ಯಗಳಲ್ಲಿ ನಡೆಯಿತು. ನಡೆಸಿದ ಸಂಸ್ಥೆ ಬೆಂಗಳೂರಿನದೇ ಆದರೂ ಆ 12ರಲ್ಲಿ ಕರ್ನಾಟಕ ಇರಲಿಲ್ಲ. ಈ ಸಲ ಎಲ್ಲ ರಾಜ್ಯಗಳೂ ಸೇರಲಿವೆ ಎಂಬುದು ಸ್ವಾಗತಾರ್ಹವೇ. ಆದರೆ ಹಳೆಯ ಪ್ರಶ್ನಾವಳಿಯನ್ನೇ ಹಿಡಿದುಕೊಂಡು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರಿನಂಥ ತಾಲ್ಲೂಕುಗಳಿಗೆ ಬರುವುದಾದರೆ, ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಒತ್ತಡದ ಬೇನೆ) ಮಟ್ಟಿಗೆ ಈ ಸಮೀಕ್ಷೆ ಹಿಂದಿನ ತಪ್ಪನ್ನೇ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಆಘಾತ ಉಂಡವರ ಪೈಕಿ ಮನಸ್ಸಿನ ಮಾತಾಡುವವರನ್ನಷ್ಟೇ ಅದು ಎಣಿಸುತ್ತದೆ. ಮೈಯ ಮಾತಾಡುವವರನ್ನು ಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರು ಎರಡನೆಯ ಗುಂಪಿನವರು.

ಮೊದಲ ಸಮೀಕ್ಷೆ ಕೊಟ್ಟ ಸಂಖ್ಯೆಯನ್ನೇ ನೋಡಿ. ದೇಶದಲ್ಲಿ ಪಿಟಿಎಸ್‌ಡಿ ಪ್ರಮಾಣ ಸುಮಾರು ಶೇ 0.2. ಸಾವಿರಕ್ಕೆ ಎರಡು. ಚಂಡಮಾರುತ, ಭೂಕಂಪ, ಪ್ರವಾಹ, ರಸ್ತೆ ಅಪಘಾತ, ಮನೆಯೊಳಗಿನ ಹೊಡೆತ ಇಷ್ಟೆಲ್ಲ ಇರುವ ದೇಶದಲ್ಲಿ ಈ ಅಂಕಿಯನ್ನು ಕಂಡು ಯಾರಿಗೂ ಅನುಮಾನ ಬರಲಿಲ್ಲ ಎಂಬುದೇ ಸೋಜಿಗ. ಅವಿಭಕ್ತ ಕುಟುಂಬ, ದೈವಭಕ್ತಿ, ನಮ್ಮ ಜನರ ಸಹನೆ ಎಂದೆಲ್ಲ ವಿವರಣೆ ಕೊಟ್ಟವರಿದ್ದಾರೆ. 24 ದೇಶಗಳಲ್ಲಿ ನಡೆದ ವಿಶ್ವ ಮಾನಸಿಕ ಆರೋಗ್ಯ ಸಮೀಕ್ಷೆಗಳು ಕೊಟ್ಟ ಅಂಕಿ ಶೇ 3.9. ಅದು ಜೀವಮಾನದಲ್ಲಿ ಯಾವಾಗಲಾದರೂ ಬಂದದ್ದರ ಲೆಕ್ಕ, ನಮ್ಮದು ಸಮೀಕ್ಷೆಯ ಹೊತ್ತಿಗೆ ಇದ್ದದ್ದರ ಲೆಕ್ಕ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ, ಒಪ್ಪೋಣ. ಆದರೂ ಅಂತರವನ್ನೆಲ್ಲ ಅದೊಂದೇ ಕಾರಣ ನುಂಗಿಹಾಕುವುದಿಲ್ಲ. ಉಳಿದ ಕಾರಣ ಪ್ರಶ್ನಾವಳಿಯಲ್ಲೇ ಇದೆ. ಸಮೀಕ್ಷೆ ಬಳಸಿದ ‘ಮಿನಿ’ ಎಂಬ ಸಂದರ್ಶನ ಪಟ್ಟಿ ಮೊದಲು ಜೀವಕ್ಕೆ ಕುತ್ತು ತರುವಂಥ ಘಟನೆ ನಡೆದಿತ್ತೇ ಎಂದು ಕೇಳುತ್ತದೆ. ಆಮೇಲೆ, ಕಳೆದೊಂದು ತಿಂಗಳಲ್ಲಿ ಆ ಘಟನೆ ಕನಸಾಗಿ, ನೆನಪಾಗಿ, ಮೈಯ ಪ್ರತಿಕ್ರಿಯೆಯಾಗಿ ಮರಳಿ ಕಾಡಿದೆಯೇ ಎನ್ನುತ್ತದೆ. ‘ಇಲ್ಲ’ ಎಂದರೆ ಆ ವಿಭಾಗ ಅಲ್ಲಿಗೇ ಮುಗಿಯಿತು. ಮೈಯ ಪ್ರತಿಕ್ರಿಯೆ ಎಂಬ ಮಾತು ಅದರಲ್ಲಿ ಇದೆ ಎಂದು ತಜ್ಞರು ಸಮರ್ಥಿಸಿಕೊಳ್ಳಬಹುದು. ಇದೆ, ನಿಜ. ಆದರೆ ಈ ಎದೆಬಡಿತ ಆ ಘಟನೆಯ ರಾತ್ರಿಯದು ಎಂಬ ಗಂಟನ್ನು ಉತ್ತರಿಸುವವರೇ ಹಾಕಿಕೊಡಬೇಕು. ಹತ್ತಾರು ವರ್ಷ ಹೊಟ್ಟೆನೋವಿಗೆ ಗುಳಿಗೆ ನುಂಗಿದವರಿಗೆ ಆ ಗಂಟು ಎಂದೋ ಕಳಚಿಹೋಗಿರುತ್ತದೆ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಖ್ಯೆ ಇದೆ: 69. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ ನಡೆಸಿದ ಅಧ್ಯಯನದ ಮಾಹಿತಿ ಇಟ್ಟುಕೊಂಡು 1999ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಸಾಮಾನ್ಯ ವೈದ್ಯರ ಬಳಿ ಬಂದ 1,146 ಖಿನ್ನತೆಯ ರೋಗಿಗಳಲ್ಲಿ ಶೇ 69ರಷ್ಟು ಮಂದಿ ವೈದ್ಯರ ಮುಂದೆ ಹೇಳಿಕೊಂಡದ್ದು ಮೈಯ ತೊಂದರೆಯನ್ನು ಮಾತ್ರ. ಆ 15 ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಅದು ಖಿನ್ನತೆಯ ಲೆಕ್ಕ, ಪಿಟಿಎಸ್‌ಡಿಯದಲ್ಲ. ಆದರೆ ಆಘಾತದ ವಿಷಯದಲ್ಲಿ ಮೈಯ ಪಾಲು ಇನ್ನೂ ಹೆಚ್ಚಿರಬೇಕೇ ಹೊರತು ಕಡಿಮೆ ಇರಲಾರದು. ಅಪಾಯ ಕಂಡಾಗ ಹೃದಯ ಬಡಿತ ಏರಿಸಿ, ಸ್ನಾಯು ಬಿಗಿದು, ಕರುಳಿನ ಕೆಲಸ ತಡೆದು, ನಿದ್ದೆ ಓಡಿಸುವ ವ್ಯವಸ್ಥೆಯೇ ಈ ಬೇನೆಯ ಮೂಲ. ಅದು ಆರದೆ ಉರಿಯುತ್ತಲೇ ಇದ್ದರೆ ಬೇಯುವುದು ಮೈಯೇ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಎದೆಬಡಿತವನ್ನು ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲೇ ದಾಖಲಿಸಿದ. ಆಸ್ಟ್ರೇಲಿಯಾದ 1983ರ ಕಾಳ್ಗಿಚ್ಚಿಗೆ ಎದುರು ನಿಂತ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಪಿಟಿಎಸ್‌ಡಿ ಇದ್ದವರಿಗೆ ಉಳಿದವರಿಗಿಂತ ಎದೆ, ಉಸಿರು, ಕೀಲು, ಸ್ನಾಯುಗಳ ದೂರು ಹೆಚ್ಚಿದ್ದುದೂ ದಾಖಲಾಗಿದೆ. ಇದೇನೂ ಹೊಸ ಶೋಧವಲ್ಲ. ನಮ್ಮ ಸಮೀಕ್ಷೆಗಳು ಕಿವಿಗೆ ಹಾಕಿಕೊಂಡಿಲ್ಲ, ಅಷ್ಟೇ.

ನಮ್ಮ ಸಿಂಧನೂರು ಕಡೆಯ ಮುಕ್ಕುಂದದಂಥ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಪ್ರವಾಹ ಎಂಬ ಪದ ಅಷ್ಟು ಬಳಕೆಯಲ್ಲಿಲ್ಲ, ‘ಹೊಳಿ ಬಂತು’ ಎನ್ನುತ್ತಾರೆ. 2009ರಲ್ಲಿ ದಸರಾ ಮುಗಿದ ಬೆನ್ನಿಗೇ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಸುರಿದ ಮಳೆಗೆ ಕೃಷ್ಣೆ, ತುಂಗಭದ್ರೆ ಎರಡೂ ದಂಡೆ ಮೀರಿದವು. ಮಂತ್ರಾಲಯ ಮುಳುಗಿತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ, ಕೆಳಗಿನ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಲಿಂಗಸುಗೂರು ಕಡೆಯ ಕೃಷ್ಣಾ ನಡುಗಡ್ಡೆಗಳಿಗಂತೂ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಶೀಲಹಳ್ಳಿ ಸೇತುವೆ ಮುಳುಗಿ ದಾರಿ ಬಂದ್. ಇಲ್ಲಿ ಆಘಾತ ಒಂದು ಸಲ ಬಂದು ಹೋಗುವಂಥದ್ದಲ್ಲ, ಮಳೆಗಾಲದ ಜೊತೆ ಮರಳುವಂಥದ್ದು. ಈ ಸೀಮೆಯ ಮಂದಿ ಅದನ್ನು ಹೇಳುವ ಬಗೆ ಬೇರೆ: ‘ಎದಿ ಡವಡವ ಅಂತದ’, ‘ಜೀವ ಝಲ್ ಅಂತದ’, ‘ಕೈಕಾಲು ಜೋಮು ಹಿಡಿತಾವ’, ‘ಹೊಟ್ಟ್ಯಾಗ ಕರುಳು ಹಿಂಡಿದಂಗ ಆಗ್ತದ’. ಇಂಥ ಮಾತಿಗೆ ಒಂದು ಸೂಜಿ, ಒಂದು ಬಾಟ್ಲಿ ಗ್ಲುಕೋಸು, ನಾಲ್ಕು ನೋವಿನ ಗುಳಿಗೆ ಸಿಗುತ್ತವೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಒಳ್ಳೆಯ ಸೌಲಭ್ಯವೇ. ಆದರೆ ತನ್ನ ತೊಂದರೆ ಮನಸ್ಸಿನದು ಎಂದು ಗೊತ್ತಿರುವವರು ಮಾತ್ರ ಆ ಸಂಖ್ಯೆ ಒತ್ತುತ್ತಾರೆ. ಕರುಳು ಹಿಂಡುತ್ತಿರುವವರು ಒತ್ತುವುದಿಲ್ಲ.

ಹೆಚ್ಚು ಹಾನಿ ಆಗುವುದು ಚೇತರಿಕೆಯ ಹೊತ್ತಿನಲ್ಲಿ. ಇದರ ಬಗ್ಗೆ ಚರ್ಚೆಯೇ ಇಲ್ಲ. ಮನೆಯವರ ಲೆಕ್ಕದಲ್ಲಿ ಗುಣವಾಗುವುದೆಂದರೆ ದಿನದಿನಕ್ಕೂ ಒಂದಿಷ್ಟು ನೋವು ಕಡಿಮೆಯಾಗುವುದು. ಈ ಬೇನೆ ಹಾಗೆ ಇಳಿಯುವುದಿಲ್ಲ. ತಪ್ಪಿಸಿಕೊಂಡು ತಿರುಗುತ್ತಿದ್ದವರು ಹೊಳೆಯ ಕಡೆ ಮತ್ತೆ ಹೋಗತೊಡಗಿದಾಗ, ಮುಚ್ಚಿಟ್ಟ ಮಾತನ್ನು ಆಪ್ತಸಮಾಲೋಚಕರ ಮುಂದೆ ಬಿಚ್ಚಿದಾಗ, ಕೆಲವರಲ್ಲಿ ನಿದ್ದೆಗೇಡು, ಬೆವರು, ನಡುಕ, ತಲೆನೋವು ಕೆಲವು ಕಾಲ ಏರುತ್ತವೆ. ಸರ್ಟ್ರಲಿನ್‌ನಂಥ ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ವಾಕರಿಕೆ, ಭೇದಿ, ತಲೆನೋವು, ಕೈನಡುಕ ಬರಬಹುದು. ಗುಣ ಕಾಣಲು ಇನ್ನೂ ಹಲವು ವಾರ ಬೇಕು. ಅಂದರೆ ಔಷಧಿಯ ತೊಂದರೆ ಮೊದಲು, ಉಪಕಾರ ಆಮೇಲೆ. ಇದನ್ನು ಮೊದಲೇ ಹೇಳಿ ಕಳಿಸದಿದ್ದರೆ ‘ಈ ಗುಳಿಗಿ ಮೈಗೆ ಒಗ್ಗಲಿಲ್ಲ’ ಎಂದು ಎರಡನೇ ವಾರಕ್ಕೇ ಬಿಡುತ್ತಾರೆ. ಇನ್ನು ನಿದ್ದೆಗೆಂದು ಧಾರಾಳವಾಗಿ ಬರೆದುಕೊಡುವ ಅಲ್ಪ್ರಾಜೋಲಂ ಗುಂಪಿನ ಮಾತ್ರೆಗಳು. ಆಘಾತದ ನಂತರದ ಮೊದಲ ತಿಂಗಳಲ್ಲಿ ಒತ್ತಡದ ಲಕ್ಷಣಗಳಿಗೆ ಇವನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ತಿಂಗಳುಗಟ್ಟಲೆ ನುಂಗಿ ಒಮ್ಮೆಗೇ ನಿಲ್ಲಿಸಿದರೆ ಎದೆಬಡಿತ, ನಿದ್ದೆಗೇಡು, ನಡುಕ ಮರಳುತ್ತವೆ. ಅದು ಮಾತ್ರೆ ಬಿಟ್ಟದ್ದರ ಪರಿಣಾಮ. ಮನೆಯವರು ಮಾತ್ರ ರೋಗವೇ ಮರುಕಳಿಸಿತು ಎಂದುಕೊಂಡು ಮತ್ತೆ ಮಾತ್ರೆಗೋ ತಾಯತಕ್ಕೋ ತಿರುಗುತ್ತಾರೆ. ಗುಣಮುಖರಾಗುವ ದಾರಿಯ ಅರ್ಧದಲ್ಲೇ ಹೀಗೆ ಕಳಚಿಕೊಂಡವರು ಯಾವ ಅಂಕಿ ಅಂಶದಲ್ಲೂ ಬರುವುದಿಲ್ಲ. ಮೊದಲ ಸಮೀಕ್ಷೆ ಚಿಕಿತ್ಸೆಯ ಕೊರತೆ ಶೇ 70ರಿಂದ 92 ಎಂದಿತು. ಚಿಕಿತ್ಸೆಗೆ ಬಂದು ಮೈನೋವಿಗೆ ಹೆದರಿ ಹಿಂದೆ ಸರಿದವರೆಷ್ಟು ಎಂದು ಪ್ರತ್ಯೇಕವಾಗಿ ಕೇಳಬೇಕಿತ್ತು.

ಪರಿಹಾರದ ಲೆಕ್ಕವೂ ಇದೇ ಕುರುಡುತನವನ್ನು ಮುಂದುವರಿಸಿದೆ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ 2022–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರಪಟ್ಟಿ ತೆಗೆದು ನೋಡಿ: ಜೀವ ಹೋದರೆ ₹4 ಲಕ್ಷ, ತೀವ್ರ ಗಾಯಗೊಂಡು ಒಂದು ವಾರಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿದ್ದರೆ ₹16,000, ಒಂದು ವಾರಕ್ಕಿಂತ ಕಡಿಮೆಯಿದ್ದರೆ ₹5,400. ಗಾಯಕ್ಕೆ ಬೆಲೆ ಸಿಗಬೇಕಾದರೆ ವಾರ್ಡಿನ ಹಾಸಿಗೆ ಬೇಕು. ಆರು ತಿಂಗಳು ನಿದ್ದೆಯಿಲ್ಲದೆ, ಗದ್ದೆಯಲ್ಲಿ ನಾಟಿಗೆ ಬಗ್ಗಲಾಗದೆ, ಕೂಲಿ ಕಳೆದುಕೊಂಡ ಹೆಣ್ಣುಮಗಳು ಇದರಲ್ಲಿ ಎಲ್ಲೂ ಸೇರುವುದಿಲ್ಲ. ವಿಪತ್ತಿನ ಕಾಲದ ಮನೋಸಾಮಾಜಿಕ ನೆರವಿನ ಬಗ್ಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮೊದಲ ಮಾರ್ಗಸೂಚಿ ಹೊರಡಿಸಿದ್ದು 2009ರ ಡಿಸೆಂಬರ್‌ನಲ್ಲಿ. ಹೊಳೆ ಇಳಿದು ಆಗ ಎರಡೇ ತಿಂಗಳಾಗಿತ್ತು. ಉತ್ತರ ಕರ್ನಾಟಕದಲ್ಲಿ ಆ ಹೊತ್ತಿನ ಚರ್ಚೆಯೆಲ್ಲ ‘ಆಸರೆ’ ಪುನರ್ವಸತಿ ಮನೆಗಳ ಸುತ್ತಲೇ ಇತ್ತು. ಮನೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆ ಮನೆಯೊಳಗೆ ಮಲಗಿ ನಿದ್ದೆ ಬಾರದವರ ಮಾತನ್ನೂ ಕೇಳಬೇಕಿತ್ತು.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಟ್ಟಿಯಾದದ್ದು. ಮೈನೋವನ್ನೆಲ್ಲ ಮನಸ್ಸಿನ ಬಾಬತ್ತು ಮಾಡಿದರೆ ನಿಜವಾದ ರೋಗ ತಪ್ಪಿಹೋಗುತ್ತದೆ, ಬಡವರ ದೂರಿಗೆ ‘ನಿನ್ನ ತಲೆಯೊಳಗಿನದು’ ಎಂಬ ಉತ್ತರ ಸಿಗುತ್ತದೆ ಎಂಬುದು. ಭೋಪಾಲದಲ್ಲಿ ಇದೇ ಆಯಿತು. ವಿಷಾನಿಲ ಕುಡಿದವರ ಉಸಿರಾಟದ ತೊಂದರೆಯನ್ನು ಪರಿಹಾರದ ಆಸೆಯ ನಾಟಕ ಎಂದ ವೈದ್ಯರೂ ಇದ್ದರು. ರಾಯಚೂರು ಜಿಲ್ಲೆಯ ಹಲವು ಹಳ್ಳಿಗಳ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಕೀಲುನೋವಿಗೆ ಅದೇ ಕಾರಣ ಇರಬಹುದು. ಹೆಂಗಸರಲ್ಲಿ ರಕ್ತಹೀನತೆಯಿದೆ, ತಲೆಸುತ್ತಿಗೆ ಅಷ್ಟೇ ಸಾಕು. ಹಾಗಾಗಿ ರಕ್ತ ಪರೀಕ್ಷೆ, ಇಸಿಜಿ, ಥೈರಾಯ್ಡ್ ಪರೀಕ್ಷೆ ಮೊದಲು ಆಗಲೇಬೇಕು, ಇದರಲ್ಲಿ ರಾಜಿ ಕೂಡದು. ಆದರೆ ಪರೀಕ್ಷೆಯೆಲ್ಲ ಸರಿಯಾಗಿದೆ ಎಂದು ಬಂದ ಮೇಲೂ ನೋವು ಉಳಿದರೆ, ‘ನಿಮಗೇನೂ ಆಗಿಲ್ಲ’ ಎಂದು ಕಳಿಸುವುದು ಭೋಪಾಲದ ತಪ್ಪಿನ ಇನ್ನೊಂದು ಮುಖ. ನೋವು ಸುಳ್ಳಲ್ಲ ಎಂದು ಒಪ್ಪಿಕೊಂಡೇ ಅದರ ಬೇರು ಹುಡುಕುವುದನ್ನು ನಾನು ಕೇಳುತ್ತಿದ್ದೇನೆ. ಬಹುಪಾಲು ಜನ ಕಾಲಕ್ರಮದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬ ಮಾತೂ ಇದೆ, ಸರಿಯಾದ ಮಾತೇ. ಆ ಬಹುಪಾಲಿನೊಳಗೆ ಮೈಯಲ್ಲೇ ಬೇನೆ ಇಟ್ಟುಕೊಂಡು ಹೊರಗೆ ಚೇತರಿಸಿಕೊಂಡಂತೆ ಕಾಣುವವರೂ ಸೇರಿಹೋಗಿದ್ದಾರೆ ಎಂಬುದೇ ನನ್ನ ತಕರಾರು.

ಮನೋವೈದ್ಯರೇ ಇಲ್ಲದ ಕಡೆ ಇದೆಲ್ಲ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧಿಯನ್ನು ಆ ಕೇಂದ್ರಗಳಿಗೇ ತಲುಪಿಸಿತು. ಸುಮಾರು 20 ಲಕ್ಷ ಜನರ ಜಿಲ್ಲೆಯಲ್ಲಿ ಐದು ವರ್ಷ ನಡೆದ ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ತೀವ್ರ ಮನೋರೋಗ, ಮೂರ್ಛೆ, ಖಿನ್ನತೆ ಅದರ ಪಟ್ಟಿಯಲ್ಲಿದ್ದವು. ಆಘಾತದ ಮೈನೋವನ್ನು ಆ ಪಟ್ಟಿಗೆ ಸೇರಿಸುವ ಕೆಲಸ ಇನ್ನೂ ಬಾಕಿಯಿದೆ. ಈಗಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ ಇದನ್ನು ಮಾಡಬಲ್ಲರು. ಪದೇಪದೇ ನೋವೆಂದು ಬರುವವರನ್ನು ‘ಇದು ಯಾವಾಗಿನಿಂದ? ಹೊಳಿ ಬಂದಾಗ ಎಲ್ಲಿದ್ರಿ? ಮಳಿಗಾಲದಾಗ ಹೆಚ್ಚಾಗ್ತದೇನು?’ ಎಂದು ಕೇಳಲು ಎಂ.ಡಿ. ಪದವಿ ಬೇಕಿಲ್ಲ. ಮಾತ್ರೆ ಶುರುವಾದವರ ಮನೆಗೆ ಮೊದಲ ಆರು ವಾರ ಹೋಗಿ, ಈ ವಾಕರಿಕೆ ಇಳಿಯುತ್ತದೆ, ಈ ನಡುಕ ರೋಗ ಹೆಚ್ಚಾದದ್ದಲ್ಲ ಎಂದು ಹೇಳುವುದಕ್ಕೂ ಬೇಕಿಲ್ಲ. ಎರಡನೇ ಸುತ್ತಿನ ಸಮೀಕ್ಷಕರು ರಾಯಚೂರು ಜಿಲ್ಲೆಗೆ ಬರುವಾಗ ಪ್ರಶ್ನೆಗಳ ಕ್ರಮವನ್ನು ತಿರುಗಿಸಿಕೊಂಡು ಬರಲಿ: ಮೊದಲು ಮೈ, ಆಮೇಲೆ ಆ ರಾತ್ರಿ. ಅದರಿಂದ ಬರುವ ಅಂಕಿಯನ್ನು ಮುಂದಿನ ಪರಿಹಾರ ದರಪಟ್ಟಿ ಬರೆಯುವವರ ಮೇಜಿಗೆ ರಾಜ್ಯ ಸರ್ಕಾರವೇ ಒಯ್ದು ಇಡಲಿ. ಸಿಂಧನೂರು ತಾಲ್ಲೂಕಿನ ದಕ್ಷಿಣದ ಗಡಿ ತುಂಗಭದ್ರೆ. ಆಚೆ ದಡದ ಸಿರುಗುಪ್ಪ ತಾಲ್ಲೂಕು ಆ ಪ್ರಯೋಗ ನಡೆದ ಬಳ್ಳಾರಿ ಜಿಲ್ಲೆಗೆ ಸೇರಿದ್ದು.