ಚರ್ಮಾಸನದ ಆರೈಕೆ ಮತ್ತು ಶ್ರಾವಕಧರ್ಮ

ಬಸದಿಯ ಬಾಗಿಲಲ್ಲಿ ಚರ್ಮದ ಬೆಲ್ಟನ್ನು ಕಳಚಿಟ್ಟು ಒಳಹೋಗುವ ಶ್ರಾವಕರು ದರ್ಶನ ಮುಗಿಸಿ ಚರ್ಮದ ಆಸನದ ಕಾರಿನಲ್ಲಿ ಮನೆಗೆ ಮರಳುವುದು ಇಂದು ಅಪರೂಪವಲ್ಲ. ಆಸನ ಬಿರುಕು ಬಿಡದಂತೆ ಅದಕ್ಕೆ ಕಂಡೀಷನರ್ ಎಂಬ ಲೇಪವನ್ನು ಉಜ್ಜುವುದೂ ರೂಢಿಯಾಗಿದೆ. ಆ ಲೇಪದಲ್ಲಿ ಏನಿದೆ ಎಂದು ಕೇಳುವವರು ವಿರಳ.

ಚರ್ಮವನ್ನು ಮೃದುಗೊಳಿಸಲು ಬಹುಕಾಲದಿಂದ ಬಳಸುತ್ತಿರುವ ನೀಟ್ಸ್‌ಫುಟ್ ಎಣ್ಣೆಯು ದನಗಳ ಕಾಲಿನ ಮೂಳೆಗಳಿಂದ ತೆಗೆದದ್ದು. ಮಿಂಕ್ ಎಣ್ಣೆಯು ತುಪ್ಪಳಕ್ಕಾಗಿ ಕೊಲ್ಲಲಾಗುವ ಪ್ರಾಣಿಯ ಕೊಬ್ಬು. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಕೆಲವು ಲೇಪಗಳಲ್ಲಿ ಜೇನುಮೇಣವೂ ಉಂಟು. ಸಸ್ಯತೈಲದ ಮತ್ತು ಕೃತಕ ದ್ರವ್ಯಗಳ ಲೇಪಗಳೂ ದೊರೆಯುತ್ತವೆ, ನಿಜ. ಆದರೆ ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದವರು ಕೊಬ್ಬನ್ನೂ ಜೇನುಮೇಣವನ್ನೂ ಕೈಯಾರೆ ಸವರುವುದು ಯಾವ ವ್ರತಪಾಲನೆ?

13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ಚರ್ಮದ ಪಾತ್ರೆಯಲ್ಲಿಟ್ಟ ನೀರು ಮತ್ತು ಎಣ್ಣೆಗಳ ಸೇವನೆಯನ್ನು ಮಾಂಸತ್ಯಾಗದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಚರ್ಮದ ಸೋಂಕನ್ನೇ ಅಷ್ಟು ಸೂಕ್ಷ್ಮವಾಗಿ ಕಂಡ ಪರಂಪರೆಯವರು ಚರ್ಮಕ್ಕೇ ಎಣ್ಣೆಯೂಡಿ ಸಲಹುತ್ತಿದ್ದಾರೆ!

‘ಪಶು ಸತ್ತಾಯಿತು, ಇರುವ ಆಸನವನ್ನು ಕಾಪಾಡಿದರೆ ಇನ್ನೊಂದು ಚರ್ಮ ಬೇಕಾಗದು’ ಎಂಬ ಸಮಾಧಾನವುಂಟು. ಮಾತಿನಲ್ಲಿ ಹುರುಳಿದೆ. ಆದರೆ ಕಾಪಾಡಲು ಪ್ರಾಣಿಯ ಕೊಬ್ಬು ಬೇಕಿಲ್ಲ. ಇಂದಿನ ಬಹುಪಾಲು ಕಾರುಗಳ ಚರ್ಮದ ಮೇಲೆ ಪಾಲಿಯುರೇಥೇನ್ ಪದರವಿರುತ್ತದೆ. ಲೇಪವು ಅದನ್ನು ದಾಟಿ ಒಳಗಿಳಿಯುವುದು ಅತ್ಯಲ್ಪ. ಹೊಲಿಗೆಗಳ ಸಂದಿನ ಧೂಳನ್ನು ತೆಗೆದು, ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರಸಿ, ಒಣಬಟ್ಟೆಯಿಂದ ತೇವ ತೆಗೆದು, ಕಾರನ್ನು ನೆರಳಿನಲ್ಲಿ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ಕೃತಕ ಚರ್ಮವಾದ ಲೆದರೆಟ್‌ಗಂತೂ ಎಣ್ಣೆಯ ಅಗತ್ಯವೇ ಇಲ್ಲ.

ಇರುವ ಆಸನದ ಮಾತು ಇಷ್ಟು. ಹೊಸ ಕಾರನ್ನು ಕೊಳ್ಳುವಾಗ ಈ ಸಮಾಧಾನಕ್ಕೂ ಎಡೆಯಿಲ್ಲ. ವ್ಯಾಪಾರ ಬಲ್ಲ ಸಮಾಜಕ್ಕೆ ಬೇಡಿಕೆಯೇ ಉತ್ಪಾದನೆಯ ಆಜ್ಞೆಯೆಂದು ವಿವರಿಸಬೇಕಾಗಿಲ್ಲ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಿಂದಲೂ ಹಿಂಸೆಯ ಹೊಣೆ ಬರುತ್ತದೆ. ಕತ್ತಿ ಹಿಡಿಯದವನೂ ಹಣ ಕೊಟ್ಟಾಗ ಕಾರಿತದಿಂದ ತಪ್ಪಿಸಿಕೊಳ್ಳಲಾರ. ಆದ್ದರಿಂದ ಬಟ್ಟೆಯ ಅಥವಾ ಕೃತಕ ಚರ್ಮದ ಆಸನವನ್ನೇ ಕೇಳಬೇಕು. ಸ್ಟಿಯರಿಂಗ್ ಚಕ್ರದ ಹೊದಿಕೆ ಯಾವುದೆಂದೂ ವಿಚಾರಿಸಬೇಕು.

2021ರಲ್ಲಿ ಸ್ವೀಡನ್ನಿನ ವೋಲ್ವೋ ಸಂಸ್ಥೆ ತನ್ನ ಹೊಸ ವಿದ್ಯುತ್ ಕಾರುಗಳೆಲ್ಲವನ್ನೂ ಚರ್ಮಮುಕ್ತಗೊಳಿಸುವುದಾಗಿ ಸಾರಿತು. ಕಾರು ಮಾರುವವರೇ ಚರ್ಮವನ್ನು ಬಿಡಲು ಮುಂದಾದಾಗ, ಅಹಿಂಸೆಯನ್ನು ಪರಮಧರ್ಮವೆಂದು ಸಾರುವವರು ಅದಕ್ಕಾಗಿ ಹೆಚ್ಚು ಹಣ ತೆರುವುದು ಲಜ್ಜೆಯ ವಿಷಯ.