ಮೀಸೆ ಸಾಲದು, ಕಾಗದ ತೋರಿಸಿ

ಸುರಪುರದ ಕಡೆಯ ಹಳ್ಳಿಯಲ್ಲಿ ಕಟ್ಟೆಯ ಮೇಲೆ ಕೂತ ಮುತ್ಯಾನನ್ನು ‘ನಿಮ್ಮ ವಯಸ್ಸು ಎಷ್ಟಾತು?’ ಎಂದು ಕೇಳಿದರೆ ನೇರ ಉತ್ತರ ಸಿಗುವುದು ಅಪರೂಪ. ‘ರಜಾಕಾರರ ಗದ್ದಲದಾಗ ನಾ ಅವ್ವನ ಬಗಲಾಗಿದ್ದೆ ನೋಡ್ರಿ’ ಎನ್ನುತ್ತಾನೆ. ಮಗನ ವಯಸ್ಸು ಕೇಳಿದರೆ ‘ಎಪ್ಪತ್ತೆರಡರ ಬರಗಾಲದಾಗ ಹುಟ್ಟಿದಾಂವ’ ಎಂಬ ಉತ್ತರ ಬರುತ್ತದೆ. ಲೆಕ್ಕ ಹಾಕಿಕೊಳ್ಳುವುದು ಕೇಳಿದವರ ಕೆಲಸ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಹಾಗಾದರೆ ಮುತ್ಯಾನಿಗೆ ಎಂಬತ್ತರ ಆಸುಪಾಸು. ಒಂದೆರಡು ವರ್ಷ ಆಚೀಚೆಯಾದರೆ ಯಾರ ಗಂಟೂ ಹೋಗುವುದಿಲ್ಲ.

ಮೊಮ್ಮಗನ ಪಾಡು ಹಾಗಲ್ಲ. ಓದು ಮುಗಿಸಿ, ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ನೂರಾರು ತರುಣರಲ್ಲಿ ಒಬ್ಬನನ್ನು ಊಹಿಸಿಕೊಳ್ಳಿ. ವಯಸ್ಸು ಇಪ್ಪತ್ತಾರು, ಮೈಕಟ್ಟು ಸಣ್ಣದು, ಮುಖ ಎಳಸು. ಸಂಬಳದ ದಿನ ಗೆಳೆಯರ ಜೊತೆ ಮದ್ಯದಂಗಡಿಯ ಕೌಂಟರಿನ ಮುಂದೆ ನಿಂತರೆ ಒಳಗಿನವನು ‘ಐಡಿ ತೋರ್ಸಿ’ ಎನ್ನುತ್ತಾನೆ. ‘ಏನ್ರೀ, ನಾ ಒಂದು ಮಗಳ ಅಪ್ಪ ಅದೀನಿ’ ಎಂದು ಇವನು ಮೀಸೆ ತಿರುವುತ್ತಾನೆ. ‘ಅಪ್ಪ ಆದ್ರೂ ಐಡಿ ಬೇಕು’ ಎಂಬ ಉತ್ತರ. ಹಿಂದೆ ಸಾಲಿನಲ್ಲಿ ನಿಂತವರು ನಗುತ್ತಾರೆ. ಊರಲ್ಲಿ ‘ಅಣ್ಣಾ’ ಎನ್ನಿಸಿಕೊಂಡು ಓಡಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಅವಮಾನವೆಂದು ಅವನಿಗೆ ಅನ್ನಿಸುವುದು ಸಹಜ. ಆದರೆ ಕೌಂಟರಿನವನ ಕಡೆಗೂ ನ್ಯಾಯವಿದೆ. ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸಿನ ವಿಚಾರದಲ್ಲಿ ಕಾನೂನು ಎರಡು ಬಾಯಿಂದ ಮಾತಾಡುತ್ತದೆ. 1965ರ ಅಬಕಾರಿ ಕಾಯಿದೆ ಶಿಕ್ಷೆಯ ಮಾತು ಎತ್ತುವಾಗ 18 ವರ್ಷ ಎನ್ನುತ್ತದೆ. ಪರವಾನಗಿಯ ಷರತ್ತುಗಳನ್ನು ಹೇಳುವ 1967ರ ನಿಯಮಗಳು 21 ವರ್ಷದೊಳಗಿನವರಿಗೆ ಮಾರಬಾರದು ಎನ್ನುತ್ತವೆ. ಅಂಗಡಿಯವನು ಪರವಾನಗಿ ಉಳಿಸಿಕೊಳ್ಳಬೇಕಾದರೆ ಇಪ್ಪತ್ತೊಂದನ್ನೇ ಹಿಡಿಯಬೇಕು. ಈ ಗೊಂದಲ ನಿವಾರಿಸುತ್ತೇವೆಂದು ಸರ್ಕಾರ 2023ರ ಜನವರಿಯಲ್ಲಿ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡು ಹೊರಡಿಸಿತು. ಎಲ್ಲೆಡೆಯಿಂದ ವಿರೋಧ ಬಂತು. ಕೆಲವೇ ದಿನಗಳಲ್ಲಿ ಕರಡು ವಾಪಸಾಯಿತು. ಈ ಒಂದು ವಿಚಾರದಲ್ಲಿ ತಂದೆ ತಾಯಿಗಳ ಮಾತಿಗೆ ಬೆಲೆ ಸಿಕ್ಕಿತೆನ್ನಬೇಕು. ಪಕ್ಕದ ತೆಲಂಗಾಣದಲ್ಲೂ ಇಪ್ಪತ್ತೊಂದೇ. ಗೋವೆಯಲ್ಲಿ ಹದಿನೆಂಟು, ಕೇರಳದಲ್ಲಿ ಇಪ್ಪತ್ತಮೂರು. ಮತ ಹಾಕಲು 1989ರಿಂದ ಈಚೆಗೆ ದೇಶದಲ್ಲೆಲ್ಲ ಹದಿನೆಂಟು ಸಾಕು. ಅಂದರೆ ವಿಧಾನಸಭೆಗೆ ಸದಸ್ಯರನ್ನು ಆರಿಸಬಲ್ಲವನು ಬಿಯರ್ ಬಾಟಲಿ ಆರಿಸಿಕೊಳ್ಳಲು ಇನ್ನೂ ಮೂರು ವರ್ಷ ಕಾಯಬೇಕು. ವಿಚಿತ್ರವೇ ಸರಿ, ಆದರೆ ತಪ್ಪಾಗಿ ಹಾಕಿದ ಮತವನ್ನು ಐದು ವರ್ಷಕ್ಕೆ ತಿದ್ದಿಕೊಳ್ಳಬಹುದು, ಎಳೆ ವಯಸ್ಸಿನಲ್ಲಿ ಹತ್ತಿದ ಚಟವನ್ನು ಹಾಗೆ ತಿದ್ದಿಕೊಳ್ಳಲಾಗದು.

ಮುಖ ನೋಡಿ ವಯಸ್ಸು ಹೇಳುವುದು ಜ್ಯೋತಿಷಿಗೂ ಸುಲಭವಲ್ಲ. ಬ್ರಿಟನ್ನಿನಲ್ಲಿ ಕೊಳ್ಳುವ ವಯಸ್ಸು ಹದಿನೆಂಟು. ಆದರೂ ‘ಚಾಲೆಂಜ್ 25’ ಎಂಬ ಪದ್ಧತಿಯಂತೆ, ನೋಡಲು ಇಪ್ಪತ್ತೈದಕ್ಕಿಂತ ಕಡಿಮೆ ಅನ್ನಿಸಿದವರೆಲ್ಲರನ್ನೂ ಅಲ್ಲಿನ ಅಂಗಡಿಗಳು ಕೇಳುತ್ತವೆ. ಕಣ್ಣು ಏಳು ವರ್ಷ ತಪ್ಪಬಹುದು ಎಂದು ಮೊದಲೇ ಒಪ್ಪಿಕೊಂಡ ಜಾಣತನವಿದು. ಅಲ್ಲಿ ಮೂವತ್ತರ ಹೆಂಗಸನ್ನು ಕೇಳಿದರೆ ಆಕೆ ಸಿಟ್ಟಾಗುವುದಕ್ಕಿಂತ ಒಳಗೊಳಗೇ ಖುಷಿಪಡುವುದು ಹೆಚ್ಚಂತೆ. ಭಾರತದಲ್ಲಿ ಇಂಥ ಕಟ್ಟುನಿಟ್ಟಿನ ಒಂದೇ ಪದ್ಧತಿ ಇಲ್ಲ. ಮದ್ಯ ಮಾರುವಲ್ಲಿ ವಯಸ್ಸಿನ ಪರಿಶೀಲನೆ ಕಡ್ಡಾಯವಾಗಬೇಕೆಂಬ ಅರ್ಜಿಯೊಂದರ ಮೇಲೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರಕ್ಕೆ ನೋಟಿಸು ಕೊಟ್ಟಿತು.

ಇನ್ನು ಶಹಾಪುರ, ಸುರಪುರದ ಅಂಗಡಿಗಳ ಕಡೆ ಬನ್ನಿ. ಸಣ್ಣ ಊರಿನಲ್ಲಿ ಗುರುತಿನ ಚೀಟಿಯ ಕೆಲಸವನ್ನು ಗುರುತೇ ಮಾಡುತ್ತದೆ. ಇವನು ಇಂಥವರ ಮಗ, ಅವನು ಇಂಥ ಮಾಸ್ತರರ ಅಳಿಯ ಎಂಬುದು ಗಲ್ಲೆಯ ಮೇಲೆ ಕೂತವನಿಗೆ ಬಾಯಿಪಾಠ. ಆದ್ದರಿಂದಲೇ ಮೊದಲ ಸಲ ರುಚಿ ನೋಡಹೊರಟ ಹುಡುಗ ತನ್ನೂರಿನ ಅಂಗಡಿಗೆ ಹೋಗುವುದಿಲ್ಲ. ಸುರಪುರದವನು ಶಹಾಪುರದ ಬಸ್ಸು ಹತ್ತುತ್ತಾನೆ, ಶಹಾಪುರದವನು ಯಾದಗಿರಿಯ ಬಸ್ಸು ಹತ್ತುತ್ತಾನೆ. ಬಸ್ಸಿನಿಂದ ಇಳಿದಲ್ಲಿ ಅವನನ್ನು ಬಲ್ಲವರಿಲ್ಲ, ಕೇಳುವವರೂ ಇಲ್ಲ. ದುಡ್ಡು ಕೊಟ್ಟವನು ದೊಡ್ಡವನು! ಪರವಾನಗಿ ಅಂಗಡಿಯ ಮಾತು ಇಷ್ಟಾದರೆ, ಹಳ್ಳಿಯ ಕಿರಾಣಿ ಅಂಗಡಿ, ಪಾನ್ ಡಬ್ಬಿಗಳಲ್ಲಿ ಕದ್ದು ಮಾರುವವರ ಮಾತು ಬೇರೆ. ಮಾರಾಟವೇ ಕಾನೂನಿಗೆ ಹೊರಗಿರುವಾಗ ಕೊಳ್ಳುವವನ ವಯಸ್ಸನ್ನು ಯಾರು ಕೇಳುತ್ತಾರೆ? ತೊಂಬತ್ತು ಎಂ.ಎಲ್. ಪೊಟ್ಟಣ ಶಾಲೆಯ ಚೀಲದಲ್ಲೂ ಹಿಡಿಸುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ನಡೆದುಹೋದ ಸಾವಿರಾರು ಹೆಣ್ಣುಮಕ್ಕಳು ಮುಂದಿಟ್ಟ ದೂರುಗಳಲ್ಲಿ ಈ ಕಳ್ಳ ಮಾರಾಟವೂ ಒಂದು.

ಇಲ್ಲಿ ತಂದೆಯರಿಗೂ ಒಂದು ಮಾತಿದೆ. ಸಾರಾಯಿ ಪಾಕೀಟುಗಳಿದ್ದ ಕಾಲದಲ್ಲಿ, ಅಂದರೆ 2007ರ ಜುಲೈನಲ್ಲಿ ಸಾರಾಯಿ ಬಂದಾಗುವ ಮೊದಲು, ‘ಹೋಗಿ ಎರಡು ಪಾಕೀಟು ತಗೊಂಡು ಬಾ’ ಎಂದು ಮಗನನ್ನು ಅಟ್ಟುವುದು ಅನೇಕ ಮನೆಗಳಲ್ಲಿ ಉಪ್ಪು, ಎಣ್ಣೆ ತರಿಸುವಷ್ಟೇ ಸಲೀಸಾಗಿತ್ತು. ಆ ಚಾಳಿ ಸಾರಾಯಿಯ ಜೊತೆಗೇ ಹೋಗಲಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಮಗುವಿಗೆ ಮದ್ಯ ಕೊಟ್ಟವರಿಗೆ ಮಾತ್ರವಲ್ಲ, ಮದ್ಯವನ್ನು ಹೊತ್ತು ತರಲು ಮಗುವನ್ನು ಬಳಸಿದವರಿಗೂ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅಪ್ಪನಿಗೆಂದು ತಂದದ್ದು, ಹುಡುಗ ಕುಡಿದಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ.

ಇರಲಿ. ಬೆಂಗಳೂರಿನ ಕೌಂಟರಿನ ಮುಂದೆ ನಿಲ್ಲಿಸಿ ಬಂದ ತರುಣ ಇನ್ನೂ ಕಿಸೆ ತಡಕುತ್ತಿದ್ದಾನೆ. ಅವನ ನಿಜವಾದ ಕಷ್ಟ ಶುರುವಾಗುವುದು ಕಾಗದ ಹೊರಗೆ ಬಂದ ಮೇಲೆ. ಶಾಲೆಯ ದಾಖಲೆಯಲ್ಲಿ ಜೂನ್ 1, ಆಧಾರ್ ಕಾರ್ಡಿನಲ್ಲಿ ಜನವರಿ 1, ವರ್ಷ ಬೇರೆ ಬೇರೆ. ಎರಡು ಸಲ ಹುಟ್ಟಿದ ಪುಣ್ಯಾತ್ಮ!

ಸುರಪುರಕ್ಕೆ ಈ ವಯಸ್ಸಿನ ಲೆಕ್ಕ ಹೊಸದೇನಲ್ಲ. ಅಲ್ಲಿಯ ಅರಸನೇ ಒಮ್ಮೆ ಪ್ರಾಯ ತುಂಬುವುದನ್ನು ಕಾಯಬೇಕಾಗಿತ್ತು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಕಾರಭಾರ ನೋಡಿಕೊಂಡವನು ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್. ರಾಜ ಪ್ರಾಪ್ತ ವಯಸ್ಕನಾದನೆಂದು 1853ರಲ್ಲಿ ಆಡಳಿತವನ್ನು ಒಪ್ಪಿಸಿ ಟೇಲರ್ ಹೊರಟ. ಅವನ ನೆನಪಾಗಿ ಟೇಲರ್ ಮಂಜಿಲ್ ಇಂದಿಗೂ ಊರಲ್ಲಿದೆ. ಅರಸುಮಗನಿಗೆ ಹುಟ್ಟಿದೊಡನೆ ಬರೆಸಿದ ಜಾತಕವಿತ್ತು. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಗಂಡಾಂತರವೆಂದು ಅದರಲ್ಲಿ ಬರೆದಿತ್ತೆಂದು ಟೇಲರ್ ತನ್ನ ಆತ್ಮಕತೆಯಲ್ಲಿ ಹೇಳುತ್ತಾನೆ. ಬ್ರಿಟಿಷರ ವಿರುದ್ಧ ಎದ್ದ ಆ ತರುಣ ಅರಸ 1858ರಲ್ಲಿ ತೀರಿಕೊಂಡ.

ಅರಸನಿಗೆ ಜಾತಕವಿತ್ತು, ಹೊಲದಲ್ಲಿ ದುಡಿಯುವವರ ಮಕ್ಕಳಿಗೆ ಜಾತಕ ಬರೆದವರು ಶಾಲೆಯ ಮಾಸ್ತರರು. ಹುಡುಗ ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಿದರೆ ಒಂದನೇ ಇಯತ್ತೆಗೆ ಲಾಯಕ್ಕು. ಹುಟ್ಟಿದ ತಾರೀಖು ಕೇಳಿದರೆ ಅಪ್ಪ ‘ನೀವೇ ಏನರ ಬರಕೋರಿ ಸರ’ ಎನ್ನುತ್ತಿದ್ದ. ಶಾಲೆ ತೆರೆಯುವುದು ಜೂನಿನಲ್ಲಿ. ಮಾಸ್ತರರು ಜೂನ್ 1 ಎಂದು ಬರೆದು, ವರ್ಷವನ್ನು ಅಂದಾಜಿನ ಮೇಲೆ ಸೇರಿಸಿ, ಮುಂದಿನ ಹುಡುಗನನ್ನು ಕರೆಯುತ್ತಿದ್ದರು. ಹೀಗಾಗಿ ಒಂದೇ ತರಗತಿಯ ಅರ್ಧ ಮಕ್ಕಳು ಒಂದೇ ದಿನ ಹುಟ್ಟಿದರು! ಇದು ಯಾದಗಿರಿಯ ಕತೆ ಮಾತ್ರವಲ್ಲ. ಪ್ರತಿ ವರ್ಷ ಮೇ 31ರಂದು ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಹಾರ, ಶಾಲುಗಳಿಗೆ ಬರ ಬರುವುದು ಇದೇ ಕಾರಣಕ್ಕೆ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುತ್ತಾರೆ.

ಆಲಸ್ಯದಿಂದ ಬರೆದ ತಾರೀಖು ಒಂದು ಬಗೆಯಾದರೆ, ಬುದ್ಧಿವಂತಿಕೆಯಿಂದ ಬರೆಸಿದ್ದು ಇನ್ನೊಂದು ಬಗೆ. ‘ಎರಡು ವರ್ಷ ಕಡಿಮಿ ಬರೀರಿ ಸರ, ಮುಂದ ನೌಕರಿ ಎರಡು ವರ್ಷ ಹೆಚ್ಚು ಸಿಗ್ತದ’ ಎಂಬ ದೂರದೃಷ್ಟಿಯ ತಂದೆಯರು ಎಲ್ಲ ಊರಿನಲ್ಲೂ ಇದ್ದರು. ನೌಕರಿ ಸಿಕ್ಕಿತೋ ಇಲ್ಲವೋ, ಮಗ ಮಾತ್ರ ಜೀವಮಾನವೆಲ್ಲ ಎರಡು ವರ್ಷ ಹಿಂದೆ ನಡೆಯಬೇಕು. ನಿಜವಾಗಿ ಇಪ್ಪತ್ತೊಂದು ತುಂಬಿದವನು ಕಾಗದದಲ್ಲಿ ಹತ್ತೊಂಬತ್ತು. ಲೈಸೆನ್ಸು ತಡ, ಮತದಾನ ತಡ, ಮದುವೆಯೂ ತಡ. ಗಂಡಿನ ಮದುವೆಗೂ ಇಪ್ಪತ್ತೊಂದೇ ಬೇಕಲ್ಲ. ಮದ್ಯದಂಗಡಿಯಲ್ಲಿ ತಡವಾದರೆ ನಷ್ಟವಿಲ್ಲ ಎಂದು ತಾಯಂದಿರು ಹೇಳಿಯಾರು. ಆದರೆ ಹೆಣ್ಣುಮಗುವಿನ ವಿಚಾರದಲ್ಲಿ ಈ ಆಟ ಪ್ರಾಣಕ್ಕೆ ಬರುತ್ತದೆ. ಬಾಲ್ಯವಿವಾಹ ತಡೆಯಲು ಬಂದ ಅಧಿಕಾರಿ ಮೊದಲು ತೆರೆಸುವುದು ಶಾಲೆಯ ದಾಖಲಾತಿ ಪುಸ್ತಕವನ್ನೇ. ಮದುವೆಯಿಂದ ಅವಳನ್ನು ಉಳಿಸುವುದು ಅಲ್ಲಿ ಬರೆದ ಒಂದು ಸಾಲು. ಆ ಸಾಲು ಸುಳ್ಳಾಗಿದ್ದರೆ ಅವಳ ಪರವಾಗಿ ಮಾತಾಡುವ ಕಾಗದ ಬೇರೆ ಇರುವುದಿಲ್ಲ.

ಆಧಾರ್ ಇದೆಯಲ್ಲ ಎಂದು ಕೆಲವರು ವಾದಿಸಬಹುದು. ದಿನ, ತಿಂಗಳು ಗೊತ್ತಿಲ್ಲದೆ ವಯಸ್ಸು ಮಾತ್ರ ಹೇಳಿದವರಿಗೆ ಆ ಯಂತ್ರ ಜನವರಿ 1 ಎಂದು ಬರೆದುಕೊಂಡಿತು. ಆಧಾರ್ ಗುರುತಿಗೆ ಸಾಕ್ಷಿಯೇ ಹೊರತು ಹುಟ್ಟಿದ ದಿನಕ್ಕಲ್ಲ ಎಂದು ಈಚಿನ ಕಾರ್ಡುಗಳ ಮೇಲೆಯೇ ಅಚ್ಚಾಗಿದೆ. 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಕೂಡ, ಮೃತನ ವಯಸ್ಸಿಗೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣ ಪತ್ರವೇ ಮೇಲು ಎಂದಿತು. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ ಹಲವರಿಗೆ ನೆನಪಿರಬಹುದು. ಮೆಟ್ರಿಕ್ ಪ್ರಮಾಣ ಪತ್ರದಲ್ಲಿ 1951, ಸೇನೆಗೆ ಸೇರುವಾಗ ತುಂಬಿದ ಅರ್ಜಿಯಲ್ಲಿ 1950. ಒಂದು ವರ್ಷದ ಅಂತರಕ್ಕಾಗಿ ಅವರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಫೆಬ್ರವರಿಯಲ್ಲಿ ಬರಿಗೈಯಲ್ಲಿ ಅರ್ಜಿ ವಾಪಸು ಪಡೆದರು. ದಂಡನಾಯಕರಿಗೇ ಆಗದ ತಿದ್ದುಪಡಿ ಕಾಲೇಜು ಹುಡುಗನಿಗೆ ಸುಲಭವಾದೀತೆ?

ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಕಾಗದಗಳ ಗಂಟು ಹೊಸದಲ್ಲ. ಜಾತಿ, ಆದಾಯ, ಅದರ ಮೇಲೆ 371ಜೆ ಅರ್ಹತಾ ಪತ್ರ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡೇ ಅವರು ಓದುತ್ತಾರೆ. ಆ ಗಂಟಿನಲ್ಲಿ ಅನೇಕರಿಗೆ ಇಲ್ಲದಿರುವುದು ಜನನ ಪ್ರಮಾಣ ಪತ್ರ ಒಂದೇ. ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಬೇಕೆಂಬ ನಿಯಮವಿದೆ. ಇಲ್ಲಿಯೂ ಇಪ್ಪತ್ತೊಂದೇ, ನೋಡಿ! ವರ್ಷ ದಾಟಿದ ಮೇಲೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಕೋರ್ಟಿನಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂದಿದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರ ಮಟ್ಟಿಗಂತೂ ಶಾಲೆಗೆ, ಲೈಸೆನ್ಸಿಗೆ, ಮತದಾರರ ಪಟ್ಟಿಗೆ ಹುಟ್ಟಿದ ದಿನದ ಪುರಾವೆ ಈ ಪತ್ರವೇ.

ಈಗಾಗಲೇ ಶಾಲೆಯಲ್ಲಿರುವ ಮಕ್ಕಳ ತಾರೀಖು ತಪ್ಪಾಗಿದ್ದರೆ ತಿದ್ದಿಸಲು ಕಾಲ ಉಂಟು, ಆದರೆ ಬಹಳ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ಒಮ್ಮೆ ಅಚ್ಚಾಯಿತೆಂದರೆ ಮುಂದೆ ಸಿವಿಲ್ ಕೋರ್ಟಿನ ಮೆಟ್ಟಿಲೇ ಗತಿ. ಸರ್ಕಾರಿ ನೌಕರಿ ಹಿಡಿದವರಿಗೆ 1974ರ ಕಾಯಿದೆ ಕೊಡುವ ಗಡುವು ಮೂರೇ ವರ್ಷ. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬುವಾಗ ಶಾಲೆಯವರು ಹೆಸರು, ತಾರೀಖುಗಳನ್ನು ಮನೆಯವರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಹೊಲದ ಕೆಲಸ ಒಂದು ದಿನ ಬಿಟ್ಟಾದರೂ ಅಪ್ಪನೋ ಅವ್ವನೋ ಹೋಗಿ ಕೂತು ನೋಡಬೇಕು. ಅವರಿಗೆ ಓದಲು ಬಾರದಿದ್ದರೆ ಮಗಳೇ ಓದಿ ಹೇಳುತ್ತಾಳೆ.