ವೀರಪ್ಪನ್ ಸತ್ತ ಮರುದಿನ

ಕಳೆದ ತಿಂಗಳು ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ತರುಣನ ಮೊಬೈಲಿನ ಹಿಂಬದಿಯಲ್ಲಿ ಒಂದು ಚಿತ್ರವಿತ್ತು. ಕೆನ್ನೆಯ ತುಂಬ ಹರಡಿದ ಮೀಸೆ, ಕೈಯಲ್ಲಿ ಬಂದೂಕು. ಗುರುತು ಹಿಡಿಯಲು ಕನ್ನಡಕವೇನೂ ಬೇಕಾಗಲಿಲ್ಲ.

"ನೀನು ಹುಟ್ಟಿದ್ದು ಯಾವ ವರ್ಷ ಮಗು?" ಎಂದು ಕೇಳಿದೆ.

"ಎರಡು ಸಾವಿರದ ಐದು ತಾತ."

"ಇವನು ಸತ್ತಿದ್ದು ಅದಕ್ಕೂ ಮೊದಲು. ಇವನನ್ನು ಯಾಕೆ ಇಟ್ಟುಕೊಂಡಿದ್ದೀಯ?"

"ಗತ್ತು ಅಂದ್ರೆ ಇವನದು ತಾತ. ಎರಡು ರಾಜ್ಯದ ಪೊಲೀಸರನ್ನ ಆಟ ಆಡಿಸಿಬಿಟ್ಟ."

ಅವನಿಗೆ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕಿವಿಗೆ ತಂತಿ ಸಿಕ್ಕಿಸಿಕೊಂಡಿದ್ದ. ಹೇಳದೆ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನನ್ನು ಬೈಯುವ ಅರ್ಹತೆ ನನಗೂ ಇಲ್ಲವೆಂಬುದು ಮುಂದೆ ಓದಿದರೆ ತಿಳಿಯುತ್ತದೆ.

2004ರ ಅಕ್ಟೋಬರ್ 18, ಸೋಮವಾರ. ದಸರಾ ರಜೆಯ ದಿನಗಳು. ಆ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಬಳಿ, ಕಣ್ಣಿನ ಚಿಕಿತ್ಸೆಗೆಂದು ನಂಬಿಸಿ ಕರೆತಂದ ಆಂಬುಲೆನ್ಸಿನಲ್ಲಿ ವೀರಪ್ಪನ್ ಮತ್ತು ಅವನ ಮೂವರು ಸಹಚರರು ವಿಶೇಷ ಕಾರ್ಯಪಡೆಯ ಗುಂಡಿಗೆ ಬಲಿಯಾದರು. ಕಾರ್ಯಾಚರಣೆಯ ನೇತೃತ್ವ ವಹಿಸಿದ್ದವರು ಕೆ. ವಿಜಯಕುಮಾರ್. ಮರುದಿನ ಬೆಳಿಗ್ಗೆ ನಾನು ಅರಸೀಕೆರೆ ಬಸ್ ನಿಲ್ದಾಣದ ಕಡೆಗೆ ಹೋದಾಗ ಊರಿಗೆ ಊರೇ ಎದ್ದು ಬೀದಿಯಲ್ಲಿ ನಿಂತಂತಿತ್ತು. ಪತ್ರಿಕೆಗಳು ಎಂದಿಗಿಂತ ಬೇಗ ಮುಗಿದುಹೋಗಿದ್ದವು. ಒಂದು ಪತ್ರಿಕೆಯನ್ನು ಆರೇಳು ಮಂದಿ ಹಂಚಿಕೊಂಡು ಓದುತ್ತಿದ್ದರು. ಹುಡುಗರು ದೀಪಾವಳಿಗೆ ಮುನ್ನವೇ ಪಟಾಕಿ ಸಿಡಿಸುತ್ತಿದ್ದರು. ನಾನು ದಿನವೂ ಕಾಫಿ ಕುಡಿಯುವ ಹೋಟೆಲಿನಲ್ಲಿ ಮಾಲೀಕರು ಬಂದವರಿಗೆಲ್ಲ ಮೈಸೂರುಪಾಕು ಕೊಡುತ್ತಿದ್ದರು. ನಾನೂ ತಿಂದೆ, ಮನಸಾರೆ ತಿಂದೆ. ನಮ್ಮ ರಾಜಕುಮಾರರನ್ನು 108 ದಿನ ಕಾಡಿನಲ್ಲಿ ಇರಿಸಿಕೊಂಡಿದ್ದವನು ಹೋದನಲ್ಲ ಎಂಬ ಸಂತೋಷ ಅದರಲ್ಲಿತ್ತು.

ಆದರೆ ಆ ಹೋಟೆಲಿನ ಮಾತುಕತೆ ಅರ್ಧ ಗಂಟೆಯಲ್ಲಿ ಎಲ್ಲಿಂದ ಎಲ್ಲಿಗೋ ಹೋಯಿತು. ಮೊದಲು, "ಪೀಡೆ ತೊಲಗಿತು." ಆಮೇಲೆ, "ಅಲ್ಲ ಮೇಷ್ಟ್ರೇ, ಪೇಪರಿನಲ್ಲಿ ನೋಡಿ, ಆ ಮೀಸೆಯೇ ಇಲ್ಲ. ಇವನು ಅವನೇ ಅಂತ ಏನು ಗ್ಯಾರಂಟಿ?" ಸತ್ತವನ ಮೀಸೆಯನ್ನು ಸಣ್ಣದಾಗಿ ಕತ್ತರಿಸಲಾಗಿತ್ತು. ಅಷ್ಟೇ ಸಾಕಾಯಿತು, ಕಾಡಿನಲ್ಲಿ ಅಸಲಿ ವೀರಪ್ಪನ್ ಇನ್ನೂ ಇದ್ದಾನೆಂದು ಇಬ್ಬರು ಪಂಥ ಕಟ್ಟಿದರು. ಕೊನೆಗೆ ಕೊಬ್ಬರಿ ಮಂಡಿಯ ಒಬ್ಬ ಯಜಮಾನರು ನಿಟ್ಟುಸಿರಿಟ್ಟು, "ಏನೇ ಹೇಳಿ, ಗಂಡು ಅಂದರೆ ಅವನು. ಮೋಸದಿಂದ ಕೊಂದರು," ಎಂದರು. ಮೈಸೂರುಪಾಕಿನ ತಟ್ಟೆ ಆಗಿನ್ನೂ ಖಾಲಿಯಾಗಿರಲಿಲ್ಲ!

ಧರ್ಮಪುರಿಯ ಆಸ್ಪತ್ರೆಯ ಮುಂದೆ ಸಾವಿರಾರು ಜನ ಸೇರಿದ್ದರು. ಮೆಟ್ಟೂರಿನ ಬಳಿಯ ಮೂಲಕ್ಕಾಡಿನಲ್ಲಿ ಮಣ್ಣು ಮಾಡುವಾಗಲೂ ಜನಸಾಗರ. ಕುತೂಹಲಕ್ಕೆ ಬಂದವರೆಷ್ಟು, ದುಃಖಕ್ಕೆ ಬಂದವರೆಷ್ಟು ಎಂದು ವಿಂಗಡಿಸುವವರಾರು?

ರಜೆ ಮುಗಿದು ಶಾಲೆ ತೆರೆಯಿತು. ನಾನಾಗ ಹಳೇಬೀಡಿನ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಮತ್ತು ಸಮಾಜ ಪಾಠಗಳನ್ನು ಹೇಳುತ್ತಿದ್ದೆ. ನಮ್ಮಲ್ಲಿ ಆಗಿನ ಕೊಳ್ಳೇಗಾಲ ತಾಲ್ಲೂಕಿನ ಕಾಡಂಚಿನ ಹಳ್ಳಿಯಿಂದ ಬಂದ ಕಿರಿಯ ಅಧ್ಯಾಪಕರೊಬ್ಬರಿದ್ದರು. ಮಿತಭಾಷಿ. ಎಲ್ಲರೂ ಅವರನ್ನು ಸುತ್ತುವರಿದು, "ನಿಮ್ಮೂರಲ್ಲಿ ಹಬ್ಬವೋ ಹಬ್ಬ ಇರಬೇಕಲ್ಲ ಸಾರ್?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದು, ಆಮೇಲೆ ತಲೆಯೆತ್ತದೆ ಹೇಳಿದರು:

"ಪಟಾಕಿ ಯಾರೂ ಹೊಡೀಲಿಲ್ಲ ಸಾರ್. ರಾತ್ರಿ ಬಂದವರಿಗೆ ಅಕ್ಕಿ ಕೊಟ್ಟರೆ ಹಗಲು ಬಂದವರು ಹೊಡೆಯೋರು. ಹಗಲು ಬಂದವರ ಜೊತೆ ಮಾತಾಡಿದರೆ ರಾತ್ರಿ ಬಂದವರು ಹೊಡೆಯೋರು. ನಮ್ಮವ್ವ ಆವತ್ತು ಬಾಗಿಲು ತೆರೆದಿಟ್ಟು ಮಲಗಿದಳು, ಅಷ್ಟೆ."

ಸಿಬ್ಬಂದಿ ಕೊಠಡಿಯಲ್ಲಿ ಮತ್ತಾರೂ ಆ ವಿಷಯ ಎತ್ತಲಿಲ್ಲ.

ಆ ವಾರ ಒಂಬತ್ತನೆಯ ತರಗತಿಗೆ 'ವೀರಪ್ಪನ್ ಅಂತ್ಯ' ಎಂಬ ಪ್ರಬಂಧ ಬರೆಯಲು ಹೇಳಿದೆ. ಮೂವತ್ತೆಂಟು ಮಕ್ಕಳು ಬರೆದರು. ಮೀಸೆಯ ವರ್ಣನೆ ಎಲ್ಲದರಲ್ಲೂ ಇತ್ತು. ಆನೆ, ದಂತ, ಶ್ರೀಗಂಧ, ಅಣ್ಣಾವ್ರ ಅಪಹರಣ, ಆಂಬುಲೆನ್ಸು, ಇವೂ ಬಂದಿದ್ದವು. ಕೆಲವು ಹುಡುಗರು ಬಂದೂಕಿನ ಚಿತ್ರವನ್ನೂ ಬರೆದಿದ್ದರು. ತಿದ್ದಿ ಹಿಂದಿರುಗಿಸುವಾಗ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದುನಿಂತ. ಓದಿನಲ್ಲಿ ಅಷ್ಟಕ್ಕಷ್ಟೇ.

"ಸಾರ್, ಯಾರೋ ಫಾರೆಸ್ಟ್ ಆಫೀಸರ ತಲೆ ಕಡಿದಿದ್ನಂತೆ. ಅವರ ಹೆಸರು ಏನು ಸಾರ್?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಕಾಲ ಪ್ರತಿದಿನ ಪತ್ರಿಕೆ ಓದಿದವನು, ವೀರಪ್ಪನ ಹೆಂಡತಿಯ, ತಮ್ಮನ, ಬಲಗೈ ಬಂಟನ ಹೆಸರುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲವನು, ಆ ಒಂದು ಹೆಸರನ್ನು ತಿಳಿದಿರಲಿಲ್ಲ. "ನಾಳೆ ಹೇಳುತ್ತೇನೆ, ಕೂತ್ಕೋ," ಎಂದೆ. ಭಾನುವಾರ ಹಾಸನಕ್ಕೆ ಹೋಗಿ ಗ್ರಂಥಾಲಯದ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ.

ಅವರ ಹೆಸರು ಪಿ. ಶ್ರೀನಿವಾಸ್. ಆಂಧ್ರದಿಂದ ಬಂದು ಕರ್ನಾಟಕದ ಅರಣ್ಯ ಸೇವೆಗೆ ಸೇರಿದವರು. 1986ರಲ್ಲಿ ವೀರಪ್ಪನ್ ಒಮ್ಮೆ ಸೆರೆ ಸಿಕ್ಕಿ, ಬಂಧನದಿಂದ ತಪ್ಪಿಸಿಕೊಂಡ. ಆಮೇಲೆ ಶ್ರೀನಿವಾಸರು ಹಿಡಿದ ದಾರಿ ಬೇರೆಯದು. ವೀರಪ್ಪನ ಹುಟ್ಟೂರಾದ ಗೋಪಿನಾಥಂಗೇ ಹೋಗಿ ನೆಲೆಸಿದರು. ಊರವರಿಗೆ ಮನೆ, ಔಷಧಿ, ಕುಡಿಯುವ ನೀರಿನ ವ್ಯವಸ್ಥೆಗೆ ಓಡಾಡಿದರು. ಮಾರಿಯಮ್ಮನ ಗುಡಿ ಕಟ್ಟಿಸಲು ಮುಂದಾದರು. ಗಂಧ ಕಡಿಯುವವನಿಗೆ ಹೊಟ್ಟೆಪಾಡಿಗೆ ಬೇರೆ ದಾರಿ ತೋರಿಸಿದರೆ ಅವನು ಕೊಡಲಿ ಕೆಳಗಿಡುತ್ತಾನೆಂಬುದು ಅವರ ನಂಬಿಕೆ. ಗುಂಪಿನ ಕೆಲವರು ಶರಣಾದದ್ದೂ ಉಂಟು. 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗಲು ಸಿದ್ಧನಿದ್ದಾನೆಂದು ನಂಬಿ, ನಿರಾಯುಧರಾಗಿ ಕಾಡಿಗೆ ಹೋದರು. ಅಲ್ಲಿ ಅವರನ್ನು ಕೊಂದು ತಲೆಯನ್ನು ಕಡಿದೊಯ್ದರು. ಸರ್ಕಾರ ಮರಣಾನಂತರ ಕೀರ್ತಿಚಕ್ರ ಕೊಟ್ಟಿತು.

ಕೊಬ್ಬರಿ ಮಂಡಿಯ ಯಜಮಾನರಿಗೆ 'ಮೋಸ' ಎಂಬ ಪದ ಹೊಳೆದದ್ದು 2004ರಲ್ಲಿ. ಮೋಸ ಮೊದಲು ನಡೆದದ್ದು 1991ರಲ್ಲಿ, ಬಂದೂಕಿಲ್ಲದವನ ಮೇಲೆ.

ಕಟ್ಟು ಬಿಚ್ಚುತ್ತಾ ಹೋದಂತೆ ಹೆಸರುಗಳು ಹೊರಬಂದವು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಯಲ್ಲಿ ಮಡಿದ ಎಸ್.ಪಿ. ಹರಿಕೃಷ್ಣ ಮತ್ತು ಎಸ್.ಐ. ಶಕೀಲ್ ಅಹಮದ್. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ ಸಿಕ್ಕಿ ಛಿದ್ರರಾದ 22 ಮಂದಿ. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಅಪಹೃತರಾಗಿ ಡಿಸೆಂಬರ್ 8ರಂದು ಶವವಾಗಿ ದೊರೆತ ಮಾಜಿ ಸಚಿವ ಎಚ್. ನಾಗಪ್ಪ. ಇವರ ನಡುವೆ ಮಾಹಿತಿದಾರರೆಂಬ ಸಂಶಯಕ್ಕೆ ಸತ್ತ ಹಳ್ಳಿಗರು ಬೇರೆ.

ಶಕೀಲ್ ಅಹಮದ್ ಎಂಬ ಹೆಸರನ್ನು ಓದಿದಾಗ ನನಗೆ ಮುಖ ಬಿಸಿಯಾಯಿತು. ಅದಕ್ಕೆ ಕಾರಣ ಹೇಳಬೇಕು.

2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರರನ್ನು ಒಯ್ದ ಮೇಲೆ ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ, ಟಾಡಾ ಕಾಯ್ದೆಯಡಿ ಮೈಸೂರಿನ ಜೈಲಿನಲ್ಲಿದ್ದವರನ್ನು ಬಿಡಬೇಕೆಂಬುದೂ ಒಂದು. ಸರ್ಕಾರ ಒಪ್ಪಿತು. ಆಗ ಶಕೀಲರ ತಂದೆ ಅಬ್ದುಲ್ ಕರೀಂ, ಅವರೂ ನಿವೃತ್ತ ಪೊಲೀಸ್ ಅಧಿಕಾರಿ, ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. ಬೆದರಿಕೆಗೆ ಮಣಿದು ಮೊಕದ್ದಮೆ ಹಿಂತೆಗೆಯುವುದಾದರೆ ತನ್ನ ಮಗ ಸತ್ತದ್ದು ಏತಕ್ಕೆಂಬುದು ಅವರ ಪ್ರಶ್ನೆಯ ತಿರುಳು. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನೇ ಎತ್ತಿಹಿಡಿಯಿತು. ನವೆಂಬರ್ 15ರಂದು ರಾಜಕುಮಾರರು ಬಿಡುಗಡೆಯಾದರು.

ಆ ದಿನಗಳಲ್ಲಿ ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ, "ಈ ಮುದುಕನಿಗೆ ಈಗಲೇ ಕೇಸು ಹಾಕಬೇಕಿತ್ತೆ? ಮಗ ಹೋದದ್ದು ಹೋದ, ಅಣ್ಣಾವ್ರ ಪ್ರಾಣಕ್ಕೆ ಕುತ್ತು ತರುತ್ತಾನಲ್ಲ," ಎಂದವನು ನಾನೇ. ನಾಲ್ಕು ವರ್ಷಗಳ ಮೇಲೆ ಹಾಸನದ ಗ್ರಂಥಾಲಯದಲ್ಲಿ ಕುಳಿತು ಆ ಮಾತನ್ನು ನೆನೆದೆ. ಮಗನನ್ನು ಕಳೆದುಕೊಂಡ ತಂದೆಗೆ, ಮಗನನ್ನು ಮರೆಯಲು ಇಡೀ ನಾಡು ಹೇಳುತ್ತಿತ್ತು. ನಾನೂ ಹೇಳಿದ್ದೆ.

ಇಲ್ಲಿ ಇನ್ನೊಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ಬರೆಹ ಅಪ್ರಾಮಾಣಿಕವಾಗುತ್ತದೆ. ಟಾಡಾ ಕಾಯ್ದೆಯಡಿ ಬಂಧಿತರಾದ ನೂರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಯನ್ನು 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ಅದರಲ್ಲಿ ಅನೇಕರು ಎಂಟು ವರ್ಷಗಳಷ್ಟು ಕಾಲ ಒಳಗಿದ್ದವರು. ಕೂಲಿಗಳು, ಹೆಂಗಸರು, ಕುರಿ ಮೇಯಿಸುವವರು. ಕರೀಂ ಅವರ ಸಂಕಟವೂ ನಿಜ, ಇವರದೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನನ್ನಿಂದಾಗದು. ಕಾಡಿನ ಜನರ ಮೇಲಾದ ದೌರ್ಜನ್ಯದ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತ್ತು. ಅದರ ಮುಂದೆ ಹೆಂಗಸರು ಬಂದು ವಿದ್ಯುತ್ ಆಘಾತದ ಕಥೆ ಹೇಳಿದರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ವೀರಪ್ಪನ್ ಸತ್ತ ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ ಮೂರು ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿತ್ತು. ಕಾಡಿನಲ್ಲಿ ವರ್ಷಗಟ್ಟಲೆ ಅಲೆದವರಿಗೆ ಅದು ಸಲ್ಲಬೇಕಾದದ್ದೇ. ಎರಡು ಲೆಕ್ಕಗಳ ನಡುವಿನ ಕಾಲದ ಅಂತರವನ್ನಷ್ಟೇ ನಾನು ಗಮನಿಸಿದ್ದು.

ಅವನನ್ನು ಜೀವಂತ ಹಿಡಿಯಬೇಕಾಗಿತ್ತೆಂದು ವಾದಿಸುವವರಿದ್ದಾರೆ. ನಾನು ಅವನಿಗಾಗಿ ಒಂದು ಹನಿ ಕಣ್ಣೀರೂ ಹಾಕಲಾರೆ. ಆದರೂ ನ್ಯಾಯಾಲಯದ ಕಟಕಟೆಯಲ್ಲಿ ಅವನು ನಿಂತಿದ್ದರೆ ಒಳ್ಳೆಯದಿತ್ತು. ಅಷ್ಟು ಶ್ರೀಗಂಧ, ಅಷ್ಟು ದಂತ ಕೊಂಡವರು ಯಾರು? ಕಾಡಿನಿಂದ ಪೇಟೆಯ ತನಕ ಅದನ್ನು ಸಾಗಿಸಿದ ಲಾರಿಗಳು ಯಾರವು? ಯಾವ ತನಿಖಾ ಠಾಣೆಯಲ್ಲಿ ಯಾರು ಕಣ್ಣು ಮುಚ್ಚಿದರು? ಆ ಉತ್ತರಗಳೂ ಮೂಲಕ್ಕಾಡಿನ ಮಣ್ಣಿನೊಳಗೆ ಹೋದವು. ಪಟಾಕಿಯ ಸದ್ದಿನಲ್ಲಿ ಈ ಪ್ರಶ್ನೆಗಳನ್ನು ಕೇಳಿದವರು ವಿರಳ. ಅನಂತರ ಚಲನಚಿತ್ರಗಳು ಬಂದವು, 2013ರಲ್ಲಿ 'ಅಟ್ಟಹಾಸ', 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್', 2023ರಲ್ಲಿ ನೆಟ್‌ಫ್ಲಿಕ್ಸಿನ ಸಾಕ್ಷ್ಯಚಿತ್ರ. ಮೀಸೆ ಮತ್ತೆ ಬೆಳೆಯಿತು.

ಮರುವಾರ ನಾನು ತರಗತಿಯನ್ನು ಊರ ಕೆರೆಯ ಏರಿಯ ಮೇಲಕ್ಕೆ ಕರೆದುಕೊಂಡು ಹೋದೆ. ಹಳೇಬೀಡು, ಬೇಲೂರು, ಅರಸೀಕೆರೆಯ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಹೊಯ್ಸಳೇಶ್ವರನ ಗುಡಿಯನ್ನು ನೋಡಲು ದೇಶವಿದೇಶದವರು ಬರುತ್ತಾರೆ, ಏರಿಯ ಮೇಲಿನ ಕಲ್ಲಿಗೆ ನಮ್ಮ ಹುಡುಗರು ಎಮ್ಮೆಯ ಮೈ ಉಜ್ಜಿಸುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ತುರುಗಳು ಮತ್ತು ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು. ಇಂಥ ಕಲ್ಲುಗಳ ಬರೆಹಗಳನ್ನು ರೈಸ್ ಸಾಹೇಬರು 1902ರಲ್ಲೇ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಊರ ದನಗಳನ್ನು ಬಿಡಿಸಲು ಹೋಗಿ ಸತ್ತವನ ಹೆಸರು, ಅವನ ತಂದೆಯ ಹೆಸರು, ಕಲ್ಲು ನಿಲ್ಲಿಸಿದವರ ಹೆಸರು ಅವುಗಳಲ್ಲಿ ಬರುತ್ತವೆ. ದನ ಹೊಡೆದುಕೊಂಡು ಹೋದವರು ಎಷ್ಟೋ ಕಡೆ ಬರೀ 'ಕಳ್ಳರು'.

ಅಲ್ಲೇ ನಿಂತು ಮಕ್ಕಳಿಗೆ ಶ್ರೀನಿವಾಸರ ಕಥೆ ಹೇಳಿದೆ. ಕರೀಂ ಅವರದ್ದನ್ನೂ ಹೇಳಿದೆ, ನಾನು ಆಡಿದ್ದ ಮಾತನ್ನೂ ಸೇರಿಸಿ. ಕೊಳ್ಳೇಗಾಲದ ಆ ಅಧ್ಯಾಪಕರು ತುಸು ದೂರ ಬೇವಿನ ಮರದ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಏನೂ ಹೇಳಲಿಲ್ಲ.

ಅಂದು ಹೆಸರು ಕೇಳಿದ ಹುಡುಗ ಈಗ ಬೇಲೂರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಬಸ್ಸಿನ ತರುಣನ ಸಂಗತಿಯನ್ನು ಅವನಿಗೆ ಹೇಳಿದಾಗ ನಕ್ಕು, ತಾನು ಹೋದ ವರ್ಷ ಗೆಳೆಯರೊಂದಿಗೆ ಮಹದೇಶ್ವರ ಬೆಟ್ಟಕ್ಕೆ ಹೋದವನು ಗೋಪಿನಾಥಂಗೂ ಹೋಗಿಬಂದೆನೆಂದ. ಮಾರಿಯಮ್ಮನ ಗುಡಿಯಲ್ಲಿ ಶ್ರೀನಿವಾಸರ ಭಾವಚಿತ್ರವಿದೆ, ಊರವರು ಇಂದಿಗೂ ಪೂಜಿಸುತ್ತಾರೆ.

"ಕೈಮುಗಿದು ಬಂದೆ ಸಾರ್," ಎಂದ. "ಆದರೆ ನಮ್ಮ ಹುಡುಗರು ಮೊದಲು ನೋಡಬೇಕು ಅಂದಿದ್ದು ವೀರಪ್ಪನ ಮನೆ ಎಲ್ಲಿತ್ತು ಅಂತಾನೇ. ಅದನ್ನ ನೋಡಿದ ಮೇಲೇ ಗುಡಿಗೆ ಬಂದರು."